ಇಂಡುವಾಳು ದಾಟಿದ ಮೇಲೆ

ಮೊದಲು ಬಂದದ್ದು ಸಿಹಿ ವಾಸನೆ.
ಆಲೆಮನೆ ಇರಬೇಕು ಅಂದುಕೊಂಡು ಗಾಜಿಳಿಸಿದೆ,
ಎದೆ ತುಂಬ ಎಳೆದುಕೊಂಡೆ:
ಕೊಪ್ಪರಿಗೆಯಲ್ಲಿ ಪಾಕ ಏರುವ ಹೊತ್ತು.

ಮೂವತ್ತೊಂದು ವರ್ಷ ಊದುಬತ್ತಿ ಕಾರ್ಖಾನೆಯಲ್ಲಿ
ಮೂಗಿನ ಸಂಬಳ ತಿಂದವಳು ನಾನು.
ಗಂಧದೆಣ್ಣೆಗೆ ಹರಳೆಣ್ಣೆ ಬೆರೆತಿದ್ದರೆ
ಬಿರಡೆ ಪೂರ್ತಿ ತೆಗೆಯುವ ಮೊದಲೇ ಹೇಳುತ್ತಿದ್ದೆ.
ಅವತ್ತು ಹೇಳಲಿಲ್ಲ ಮೂಗು,
ಅದು ಬೆಲ್ಲವಲ್ಲ, ಕೂಲೆಂಟ್ ಎಂದು.

ಮುಳ್ಳು ಕೆಂಪಿಗೆ ಹೋಗಿ ಕೂತಿತ್ತಂತೆ. ನೋಡಲಿಲ್ಲ.
ಇಂಡುವಾಳು ದಾಟಿದ ಮೇಲೆ
ಚಪ್ಪಡಿಯ ಮೇಲೆ ಹಂಡೆ ಎಳೆದಂಥ ಸದ್ದು,
ಆಮೇಲೆ ಬರೀ ಗಾಳಿಯದು.
ಕಬ್ಬಿನ ಲಾರಿಗಳು ಒಂದೊಂದಾಗಿ ಮುಂದೆ ಹೋದವು,
ಜೀವಮಾನದಲ್ಲಿ ಮೊದಲ ಸಲ.

ಚೀಟಿ ಎತ್ತಿ ಕೊಂಡ ಕಾರು. ಎರಡೇ ಸೀಟು.
ಯಾಕೆ ಎರಡೇ, ಅಂದಿದ್ದಳು ಸರ್ವಮಂಗಳಕ್ಕ.
ಮದುವೆ ಮನೆಗೆ ನಮ್ಮನ್ನೂ ಹತ್ತಿಸಿಕೋ
ಅಂತ ಯಾರೂ ಕೇಳಬಾರದೆಂದೇ, ಅಂದಿದ್ದೆ.

ಮಂಡಿ ಮೊಹಲ್ಲಾದ ಶೆಡ್ಡಿನಲ್ಲಿ
ಜಬೀವುಲ್ಲಾ ಸಾಹೇಬರು ಹೆಡ್ ಬಿಚ್ಚಿ
ಕೋಣದ ದವಡೆಯ ಹಾಗೆ ಗೋಣಿಯ ಮೇಲೆ ಇಟ್ಟಿದ್ದಾರೆ.
ಬಾನೆಟ್ಟಿನ ಧೂಳಿನಲ್ಲಿ ಬೆರಳಿಂದಲೇ ಲೆಕ್ಕ:

ಹೊಸದು ಬೇಕಾ, ಜಪಾನಿನಿಂದ ಹಡಗಲ್ಲಿ ಬರಬೇಕು,
ಆರೂವರೆ ಲಕ್ಷ, ಚೆನ್ನೈ ಕಸ್ಟಮ್ಸಿನ ದಯೆ ಬೇರೆ.
ಕೊಯಮತ್ತೂರಲ್ಲಿ ಗುಜರಿಯದೊಂದು ಇದೆ, ಒಂದು ಎಂಬತ್ತು.
ಯಾವ ಗಾಡಿಯದು, ಎಷ್ಟು ಓಡಿದೆ,
ಯಾರನ್ನಾದರೂ ಕೊಂದಿದೆಯಾ, ಕೇಳಬಾರದು.
ಇಲ್ಲಾ ಇದನ್ನೇ ಬೋರ್ ಮಾಡಿಸಿ ಸ್ಲೀವ್ ಹೊಡೆಸೋಣ,
ಎರಡು ಹತ್ತು. ಆದರೆ ಬ್ಲಾಕಲ್ಲಿ ಒಂದು ಬಿರುಕಿದೆ ಅಮ್ಮಾ,
ಮಗುವಿನ ಕೂದಲಿನಷ್ಟು.

ಸ್ವಿಫ್ಟ್ ಎಂಜಿನ್ ಕೂರಿಸಿದರೆ, ಅಂದೆ.
ಕೂರುತ್ತೆ. ಸದ್ದು ಮಾತ್ರ
ಸೊಪ್ಪು ತರೋಕೆ ಹೊರಟಂಗೆ.

ಬ್ಯಾಟರಿ ಹಾಕಿಸಿಬಿಡಿ ಅಕ್ಕಾ, ಅಂದ ಲೋಹಿತ,
ಐಟಿಐ ಮುಗಿಸಿ ಮೂರು ತಿಂಗಳಾದ ಹುಡುಗ.
ಸಾಹೇಬರು ಅವನನ್ನು ಟೀ ತರಲು ಕಳಿಸಿದರು.

ಎಂಜಿನ್ ಬದಲಾದರೆ ಇದು ಅದೇ ಕಾರಾ? ಕೇಳಿದೆ.
ಅದಕ್ಕೆ ಆರ್‌ಟಿಓದಲ್ಲಿ ಫಾರ್ಮ್ ಇದೆ, ಫೀಸೂ ಇದೆ, ಅಂದರು.
ಮಠದಲ್ಲೂ ಇಷ್ಟು ಚುರುಕಾಗಿ ಉತ್ತರ ಸಿಕ್ಕಿರಲಿಲ್ಲ ನನಗೆ.

ಅಷ್ಟರಲ್ಲಿ ಅಕ್ಕನ ಫೋನು:
ನನ್ನ ಎರಡು ಮಂಡಿಗೂ ಸೇರಿ ಅಷ್ಟಾಗಲಿಲ್ಲವಲ್ಲೇ!
ನಿನ್ನವು ಎಲ್ಲಿಯವು, ಅಂದೆ. ಜರ್ಮನಿಯವು, ಅಂದಳು,
ದೇವರಮನೆಯ ಎರಡು ಮೆಟ್ಟಿಲು ಹತ್ತಿದ ಗರ್ವದಲ್ಲಿ.

ಸಾಹೇಬರು ಸ್ಕ್ರೂಡ್ರೈವರಿನ ತುದಿ ಬ್ಲಾಕಿಗಿಟ್ಟು
ಹಿಡಿಗೆ ಎಡಗಿವಿ ಒತ್ತಿದರು.
ಓಡದ ಎಂಜಿನ್ನು. ಅಭ್ಯಾಸ.
ಆ ಕಿವಿಗೆ ಈಗ ಎಂಜಿನ್ ಬಿಟ್ಟು
ಬೇರೇನೂ ಕೇಳಿಸದು ಅನ್ನುತ್ತಾರೆ ಮನೆಯವರು.
ನಾನೂ ಬಗ್ಗಿದೆ, ಬಿರುಕಿಗೆ ಮೂಗಿಟ್ಟೆ.

ನನಗೆ ಆವತ್ತು ಮೋಸವಾಯಿತು, ಅಂದೆ.
ಕಿವಿಗೂ ಆಗುತ್ತೆ, ಅಂದರು. ಎಷ್ಟು ಸಲ, ಹೇಳಲಿಲ್ಲ.

ಇದನ್ನೇ ಬೋರ್ ಮಾಡಿಸಿ.
ಬಿರುಕು ಮತ್ತೆ ಬಿಟ್ಟರೆ?
ಇದು ಸೋರಿದರೆ ಹೇಗೆ ನಾರುತ್ತೆ, ನನಗೆ ಗೊತ್ತು.
ಮಿಕ್ಕವುಗಳದ್ದು ಗೊತ್ತಿಲ್ಲ.

ದಾರಿಯಲ್ಲಿ ದೇವರಾಜ ಮಾರುಕಟ್ಟೆ.
ಒಂದು ಅಚ್ಚು ಬೆಲ್ಲ ಕೊಂಡೆ, ಮಂಡ್ಯದ್ದೇ, ಕಪ್ಪು ಬಣ್ಣದ್ದು.
ರಾತ್ರಿ ಅಡುಗೆಮನೆಯ ದೀಪ ಆರಿಸಿ
ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ
ಸಾಹೇಬರ ಹಸಿರು ಕರೆಯ ಚಿಂದಿಬಟ್ಟೆ.
ಕಣ್ಣು ಮುಚ್ಚಿ ತಟ್ಟೆ ಅದಲುಬದಲು ಮಾಡಿದೆ,
ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ.

ಬೆಲ್ಲದ ಹಿಂದೆ ಹೊಗೆಯಿದೆ,
ಸುಣ್ಣದ ಚೂರು, ಉರಿದ ಸಿಪ್ಪೆಯ ಬೂದಿ.
ಇದರ ಹಿಂದೆ ಏನೂ ಇಲ್ಲ,
ಬರೀ ಸಿಹಿ.