ಎಡಗಡೆ ಸೀಟು

ಎತ್ತಿಗಾದರೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ ನಮ್ಮಪ್ಪ,
ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳುತ್ತಿದ್ದ.
ನಾನು ಬಾನೆಟ್ಟು ಎತ್ತುತ್ತೇನೆ.
ಕಸುಬು ಅದೇ.

ವಿನೋಬನಗರ, ಮೂರನೇ ಮೇನು, ತಗಡಿನ ಶೆಡ್ಡು.
ಜೆನ್ನು. ಎರಡು ಸಾವಿರದ ನಾಲ್ಕರ ಮಾಡೆಲ್, ಕೆಎ ಹದಿನೇಳು,
ಒಬ್ಬರೇ ಓನರು. ನೋಡಲು ಬೂದಿ ಬಣ್ಣ; ಧೂಳು ಒರೆಸಿದರೆ ಬೆಳ್ಳಿ.
ಮೀಟರಿನಲ್ಲಿ ಹತ್ತೊಂಬತ್ತು ಸಾವಿರದ ನಾನೂರ ಹನ್ನೆರಡು.

ಇಪ್ಪತ್ತೊಂದು ವರ್ಷಕ್ಕೆ ಮನಸ್ಸಿನಲ್ಲೇ ಭಾಗಿಸಿದೆ:
ದಿನಕ್ಕೆ ಎರಡೂವರೆ ಕಿಲೋಮೀಟರು.
ಮಂಡಿಪೇಟೆಗೆ ಹೋಗಿ ವಾಪಸು ಬಂದಷ್ಟು,
ಅದೂ ನಡುವೆ ಎಲ್ಲೂ ಚಾ ಕುಡಿಯದೆ.

"ಮೀಟರ್ ಸುಳ್ಳು ಹೇಳ್ತದೆ, ಪೆಡಲ್ ಹೇಳಲ್ಲ"
ಅಂದ ಗೌಸ್‌ಪೀರ್, ಚಪ್ಪಲಿ ಬಿಟ್ಟು ಒಳಗೆ ಬಗ್ಗಿದ.
ಬ್ರೇಕಿನ ರಬ್ಬರಿನ ಮೇಲೆ ಗೆರೆಗಳು ಹಾಗೇ ಇದ್ದವು,
ಕ್ಲಚ್ಚಿನದರ ಮೇಲೂ. ಸ್ಟೇರಿಂಗ್ ಇನ್ನೂ ಒರಟು,
ಬೆವರು ಉಂಡ ಹೊಳಪಿಲ್ಲ.
ಮೀಟರು ನಿಜವನ್ನೇ ಹೇಳಿತ್ತು.

ಓಡದ ಗಾಡಿಗೂ ವಯಸ್ಸಾಗುತ್ತದೆ,
ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳಿದ ಹಾಗೆ.
ಟೈರಿನ ಪಕ್ಕೆಯ ನಾಲ್ಕಂಕಿ ಓದಿದೆ: ಹದಿನಾಲ್ಕನೇ ವಾರ, ಸೊನ್ನೆ ನಾಲ್ಕು.
ಹುಟ್ಟಿದಾಗಿನ ಟೈರು. ಬಟನ್ನು ಬೇಕಾದಷ್ಟಿದೆ,
ಮೈಯೆಲ್ಲ ಹಿಮ್ಮಡಿಯ ಬಿರುಕು.
ನಾಲ್ಕಕ್ಕೂ ಸೇರಿ ಹದಿನಾಲ್ಕು ಸಾವಿರ ಕಳೆ.
ಟೈಮಿಂಗ್ ಬೆಲ್ಟು, ಹೋಸು, ವಾರ್ನಿಶ್ ನಾರುವ ಪೆಟ್ರೋಲು,
ಏರ್ ಫಿಲ್ಟರಿನಲ್ಲಿ ಇಲಿ ಮಾಡಿಕೊಂಡ ಬಾಣಂತಿ ಕೋಣೆ.
ಕಳೆ, ಕಳೆ.
ಎಫ್‌ಸಿ ಇಪ್ಪತ್ತೊಂಬತ್ತರವರೆಗೆ; ಅದನ್ನು ಕೂಡು.
ಕಲ್ಲು ಬಡಿಯದ ಚಾಸಿ, ತುಕ್ಕಿಲ್ಲದ ಬಾಗಿಲಂಚು; ಕೂಡು.
ಸಿಗರೇಟು ಪ್ಯಾಕಿನ ಹಿಂದೆ ಬರೆದೆ: ಎಂಬತ್ತೈದು.
ಬಾಯಲ್ಲಿ ಅರವತ್ತು ಅನ್ನಬೇಕು.

ಆಮೇಲೆ ಎಡಗಡೆ ಬಾಗಿಲು ತೆಗೆದೆ.
ಕೀಲು ಸಡಿಲ. ಬಾಗಿಲು ಕೈಯಲ್ಲೇ ಇಳಿಯಿತು.
ಹಿಡಿಕೆಯ ಕಪ್ಪು ಸವೆದು ಬಿಳಿ.
ಗಾಜು ಇಳಿಸುವ ಕೈ ಬೆಣ್ಣೆಯಷ್ಟು ನುಣುಪು.
ಸೀಟಿನ ಸ್ಪಂಜು ಕುಸಿದು ಒಬ್ಬರ ಅಳತೆಗೆ ಗುಳಿ.
ಎರಡು ಲಕ್ಷ ಓಡಿದ ಟ್ಯಾಕ್ಸಿಯಲ್ಲೂ ಇಂಥ ಸವೆತ ಕಂಡಿಲ್ಲ.
ಗೌಸ್‌ಪೀರ್ ನನ್ನ ಮುಖ ನೋಡಿದ, ನಾನು ಅವನದ್ದು.
"ಅಣ್ಣಾ, ಬಲಗಡೆ ಹತ್ತೊಂಬತ್ತು ಸಾವಿರ. ಎಡಗಡೆ ಎಷ್ಟು ಓಡೈತೆ?"

ಹಿತ್ತಲ ಬಾಗಿಲಿನಿಂದ ಶಿವಗಂಗಮ್ಮ
ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದರು.
"ಅದು ನಂದು" ಎಂದರು.
"ಮನೇಲಿ ಹದಿನಾಲ್ಕು ಮಂದಿ ಇದ್ವಿ, ಮೂರು ರೂಮು.
ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ,
ಸಂಜೆ ಮಂಡಕ್ಕಿ ಒಗ್ಗರಣೆಗೆ ಮುಂಚೆ,
ಮುಕ್ಕಾಲು ಗಂಟೆ. ಬಂದು ಕೂರ್ತಿದ್ದೆ."

"ರೇಡಿಯೋ ಕೇಳ್ತಾ?"
"ಇಲ್ಲ."
"ಏನಾರ ಓದ್ತಾ?"
"ಇಲ್ಲಪ್ಪ. ಸುಮ್ಮನೆ.
ಗಾಜು ಒಂದು ಬೆರಳು ಇಳಿಸಿ.
ಒಳಗಿಂದ ಕೂಗಿದ್ರೆ ಕೇಳಿಸ್ಬೇಕಲ್ಲ.
ಕೇಳಿಸ್ತಿತ್ತು.
ಕೆಲವು ಸಲ ಕೇಳಿಸ್ಲಿಲ್ಲ ಅಂತಿದ್ದೆ."

ಗಂಟಲು ಸರಿಮಾಡಿಕೊಂಡು ಅರವತ್ತು ಎಂದೆ.
ಜಗ್ಗಲಿ, ಎಪ್ಪತ್ತೈದರ ಹತ್ತಿರ ನಿಲ್ಲೋಣ ಎಂಬ ಲೆಕ್ಕ.
ಅವರು ಗಾಡಿಯ ಕಡೆ ನೋಡಿದರು, ನನ್ನ ಕಡೆ ಅಲ್ಲ.
"ಮೀಟರ್ ನೋಡಿ ಹೇಳ್ತಿದೀಯ ಪಾಲಾಕ್ಷಪ್ಪ.
ನಾನಿದನ್ನ ಬಹಳ ಬಳಸೀನಿ.
ಐವತ್ತೈದು ಕೊಡು."

ಇಪ್ಪತ್ತಾರು ವರ್ಷದ ದಂಧೆಯಲ್ಲಿ
ಕೊಂಡವನ ಬಾಯಿಗಿಂತ ಕೆಳಗಿಳಿದ ಮಾರಾಟಗಾರರನ್ನು ಕಂಡಿರಲಿಲ್ಲ.
ಇಂಥದಕ್ಕೆ ಟವೆಲ್ಲಿನ ಕೆಳಗೆ ಯಾವ ಬೆರಳು ಹಿಡಿಯುವುದೆಂದು
ಅಪ್ಪ ಹೇಳಿಕೊಟ್ಟಿಲ್ಲ.
ಎಪ್ಪತ್ತೆರಡು ಎಣಿಸಿ ಕೊಟ್ಟೆ.
ಬೈದರು. ತಗೊಂಡರು.

ಈಗ ಪಿ.ಬಿ. ರೋಡಿನ ನಮ್ಮ ಜಾಗದಲ್ಲಿದೆ, ಹೊಸ ಟೈರು ತೊಟ್ಟುಕೊಂಡು.
ಬಂದವರೆಲ್ಲ ಬಲಗಡೆಯಿಂದಲೇ ಹತ್ತುತ್ತಾರೆ,
ಮೀಟರಿಗೆ ಬೆರಳಿಟ್ಟು
"ಇಷ್ಟೇನಾ? ತಿರುಗಿಸಿಲ್ಲ ತಾನೆ?" ಎನ್ನುತ್ತಾರೆ.
ಎಡಗಡೆ ಸೀಟು ಯಾಕೆ ಹೀಗೆ ಅಂತ ಯಾರೂ ಕೇಳಿಲ್ಲ.
ಸ್ಪಂಜು ಬದಲಾಯಿಸಲಾ ಅಂತ ಗೌಸ್‌ಪೀರ್ ಎರಡು ಸಲ ಕೇಳಿದ.
ನೋಡೋಣ ಎಂದಿದ್ದೇನೆ.