ನಾಲ್ಕೂವರೆ ಸಾವಿರದ ಮೇಲೆ

ನಿಂತಲ್ಲಿ ಚೆನ್ನಾಗಿದೆ ಅಂದಳು ಯಾರೆಲಿಸ್,
ಪೇಟೆಯೊಳಗೂ ಚೆನ್ನಾಗಿದೆ,
ಬೆಟ್ಟದ ತಿರುವಲ್ಲಿ ಪೆಡಲು ಒತ್ತಿದರೆ ಮಾತ್ರ
ನಾಲ್ಕೂವರೆ ಸಾವಿರದ ಮೇಲೆ ಬಿಕ್ಕುತ್ತದೆ,
ಅಳು ನುಂಗಿದ ಮಗುವಿನ ಹಾಗೆ.
ಅಳು ಗಿಳು ಇಲ್ಲ, ಅಂದೆ. ಬಾನೆಟ್ ಎತ್ತು.

ಮೋಕಾದಲ್ಲಿ ನನ್ನ ಶೆಡ್ಡು. ತಗಡಿನ ಮಾಡು.
ಮೂವತ್ತು ವರ್ಷದಿಂದ ರೋಟರಿ ಎಂಜಿನ್ನಿನ ಚಾಕರಿ.
ಈ ದ್ವೀಪದ ಹುಡುಗರು ಪಿಸ್ಟನ್ ಅಂದರೆ ಮೂಗು ಮುರಿಯುತ್ತಾರೆ;
ಬಾಳೆಕಾಯಿ ಕರಿಯುವ ಗಾಡಿಯವನಿಗೂ ಗೊತ್ತು,
ಟರ್ಬೊ ಊದುವಷ್ಟು ಗಾಳಿಗೆ ತಕ್ಕ ಪೆಟ್ರೋಲು ಸಿಗದಿದ್ದರೆ
ಒಳಗೆ ಬೆರಳುದ್ದದ ಸೀಲು ಚಟ್ಟೆಂದು ಮುರಿದು
ಸಾಲದ ದುಡ್ಡೆಲ್ಲ ಹೊಗೆಕೊಳವೆಯಲ್ಲಿ ಹೋಗುತ್ತದೆ ಎಂದು.
ಜುಟ್ಟಿಗೆ ಮಲ್ಲಿಗೆ ಬಂದಿದೆ.
ಹೊಟ್ಟೆಯ ಹಿಟ್ಟು ದಾರಿಯಲ್ಲಿ ಎಲ್ಲಿ ನಿಂತಿತು?
ನೋಡಬೇಕಾದದ್ದು ಇಷ್ಟೆ.

ಒತ್ತಡದ ಮಾಪಕಕ್ಕೆ ಉದ್ದ ಕೊಳವೆ ಸಿಕ್ಕಿಸಿ
ಮುಂದಿನ ಗಾಜಿಗೆ ಹೊರಗಿಂದ ಟೇಪು ಹಚ್ಚಿದೆ.
ಅವಳೇ ಓಡಿಸಿದಳು. ನಾನು ಮುಳ್ಳು ನೋಡುತ್ತ ಕೂತೆ.
ಮೂರು. ಗಾಳಿ ತುಂಬಿದಂತೆ ಮೂರೂವರೆ. ಮೂರೂಮುಕ್ಕಾಲು.
ಸರಿ, ಸರಿ, ಹೀಗೇ ಏರಬೇಕು,
ಗಾಳಿ ಒಂದು ಮೆಟ್ಟಿಲು ಹತ್ತಿದರೆ ತಾನೂ ಒಂದು
ಅನ್ನುವಷ್ಟರಲ್ಲಿ ಎರಡೂವರೆ.
ಬಿಡು ಬಿಡು ಕಾಲು ತೆಗಿ ಎಂದು ಕೂಗಿದೆ.
ತೆಗೆದಳು. ಏನೂ ಆಗದವರ ಹಾಗೆ
ಮುಳ್ಳು ತನ್ನ ಮೂರಕ್ಕೆ ಬಂದು ಕೂತಿತು.

ಫಿಲ್ಟರು ಹೊಸದು ಹಾಕಿದೆ. ಬಿಕ್ಕಳಿಕೆ ಹಳೆಯದೇ.
ರೆಗ್ಯುಲೇಟರಿನ ಸಣ್ಣ ರಬ್ಬರು ನಳಿಗೆಗೆ ಬಾಯಿಟ್ಟು ಊದಿದೆ,
ಎಲ್ಲೂ ಬಿರುಕಿಲ್ಲ.
ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟು,
ಪಂಪಿನ ಬಾಯಲ್ಲಿ ಹನ್ನೊಂದು.
ಸಿಕ್ಕಿದ ಕಳ್ಳ! ಕಡಲುಪ್ಪು ತಿಂದ ಅರ್ತಿಂಗು ಕೆರೆದು
ದಪ್ಪ ತಂತಿ ಎಳೆದೆ. ಹದಿಮೂರಾಯಿತು.
ರಾತ್ರಿ ಹತ್ತಕ್ಕೆ ಮತ್ತೆ ಬೆಟ್ಟಕ್ಕೆ ಹೊರಟೆವು.
ಮತ್ತೆ ಎರಡೂವರೆ.
ಪೊದೆಯೊಳಗಿಂದ ಕೊಕಿ ಕಪ್ಪೆಗಳು ನನ್ನ ಹೆಸರಿಡಿದು
ಕರೆದಂತೆ ಕೇಳಿತು. ನಾಚಿಕೆಯಾಯಿತು.

ಮರುದಿನ ಟ್ಯಾಂಕು ಇಳಿಸಿದೆ.
ಪಂಪಿನ ಕಾಲಬುಡದಲ್ಲಿ, ಮೀನಿನಂತೆ ತೇಲಾಡುತ್ತ,
ಒಂದು ಗೇಣು ಬಟ್ಟೆ.
ಎಂಜಿನ್ನು ಗುಟುಕು ಗುಟುಕಾಗಿ ಕುಡಿಯುವಾಗ ಆಚೆ ಎಲ್ಲೋ ಇರುತ್ತದೆ,
ಗಟಗಟ ಎಳೆದಾಗ ಬಂದು ಬಾಯಿಗೇ ಅಂಟುತ್ತದೆ,
ಕಾಲು ತೆಗೆದರೆ ಮತ್ತೆ ಬಿಟ್ಟು ಹೋಗುತ್ತದೆ.
ಎಂಥ ಮಾಪಕ ಹಿಡಿದೀತು ಇದನ್ನು?

ಯಾರೆಲಿಸ್ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.
ಮಾಸಿದ ಹಳದಿ, ಮೇಲೆ ನಿಂಬೆಹಣ್ಣುಗಳು.
ಅಡುಗೆಮನೆ ಪರದೆ, ಅಂದಳು.
ಚಂಡಮಾರುತ ಕಿಟಕಿಯನ್ನೇ ಒಯ್ದಿತ್ತಲ್ಲ,
ಪರದೆ ಇಟ್ಟುಕೊಂಡು ಏನು ಮಾಡುವುದು?

ಅವಳಪ್ಪ ಅನ್ಸೆಲ್ಮೊ ಈಗ ಒರ್ಲ್ಯಾಂಡೋದಲ್ಲಿ ಬಸ್ಸು ಓಡಿಸುತ್ತಾನೆ.
ಫೋನು ಸ್ಪೀಕರಿಗೆ ಹಾಕಿದಳು.
ಹೌದೇ, ಅದು ಅಲ್ಲಿದೆಯಾ, ಎಂದು ನಕ್ಕ.
ಕರೆಂಟಿಲ್ಲದ ತಿಂಗಳುಗಳು, ಬಂಕಿನಲ್ಲಿ ಏಳು ತಾಸಿನ ಸಾಲು;
ಅಜ್ಜಿಯ ಉಸಿರಿನ ಯಂತ್ರಕ್ಕೆ ಜನರೇಟರು,
ಜನರೇಟರಿಗೆ ಈ ಕಾರಿನ ಟ್ಯಾಂಕು.
ತೋಟದ ಪೈಪು ಇಳಿಬಿಟ್ಟು, ಸುತ್ತ ಬಟ್ಟೆ ತುರುಕಿ,
ಕತ್ತಲಲ್ಲಿ ಬಾಯಿಂದ ಎಳೆಯುತ್ತಿದ್ದನಂತೆ.
ಹನ್ನೊಂದು ರಾತ್ರಿ.
ಆಮೇಲೆ ಟಾರ್ಪಾಲು ಹೊದಿಸಿ ವಿಮಾನ ಹತ್ತಿದ.

ಪಕ್ಕದಲ್ಲಿ ತೇಯೋ ಇದ್ದಾನಾ? ಕೇಳು ಅವನನ್ನ,
ಒಂದು ಡಬ್ಬಿ ಅವನಿಗೂ ಕೊಟ್ಟಿದ್ದೆ.

ಕೊಟ್ಟಿದ್ದ. ಕೆಂಪು ಡಬ್ಬಿ.
ಎಲ್ಲಿಂದ ತಂದೆ ಎಂದು ನಾನು ಕೇಳಿರಲಿಲ್ಲ.
ಆ ವಾರ ನನ್ನ ಮನೆಯಲ್ಲಿ ಫ್ರಿಜ್ಜು ಓಡಿತ್ತು,
ಇನ್ಸುಲಿನ್ ಕೆಟ್ಟಿರಲಿಲ್ಲ.

ಟ್ಯಾಂಕು ತೊಳೆದು ಏರಿಸಿದೆ. ಬೆಟ್ಟ.
ಮೂರು, ಮೂರೂವರೆ, ಮೂರೂಮುಕ್ಕಾಲು,
ಅದಕ್ಕೂ ಕೂದಲೆಳೆ ಮೇಲೆ. ನಿಂತಿತು.
ಆರು ಸಾವಿರ. ಏಳು.
ಅವಳು ಏನೋ ಕೂಗಿದಳು, ಗಾಳಿಯಲ್ಲಿ ಕೇಳಲಿಲ್ಲ.

ಎಷ್ಟಾಯಿತು ಎಂದು ಕೇಳಿದಾಗ
ಫಿಲ್ಟರು ಇಷ್ಟು, ತಂತಿ ಇಷ್ಟು ಅಂದೆ.
ಮಜೂರಿ? ಅಂದಳು.
ಶೆಡ್ಡಿನ ತಂತಿಯ ಮೇಲೆ ಪರದೆ ಒಣಗುತ್ತಿತ್ತು.
ಅದನ್ನು ತಗೊಂಡು ಹೋಗು, ಅಂದೆ,
ಇಲ್ಲಿ ಬೀಡಿ ಸೇದುವವರು ಬರುತ್ತಾರೆ.