ಹಿಂದಿನ ಅನುಭವ

ಕಂಕನಾಡಿಯ ಒಳದಾರಿ, ಬೇಕರಿಯ ಮೇಲಿನ ಮಹಡಿ.
ಟೇಬಲ್ಲಿಗೆ ದಾರ ಕಟ್ಟಿದ ಪೆನ್ನು.
ಹೆಸರು: ಲೋಹಿತ್ ಕರ್ಕೇರ. ತಾಯಿ: ಜಲಜ.
ವಿದ್ಯೆ: ಪಿಯುಸಿ, ಎರಡನೇ ಸಲಕ್ಕೆ.
ರಕ್ತದ ಗುಂಪು ಗೊತ್ತಿಲ್ಲ;
ಹೆರವರ ರಕ್ತ ಅಂಗಿಗೆ ಹತ್ತಿದ್ದು ಗೊತ್ತು,
ಗುಂಪು ಕೇಳಿರಲಿಲ್ಲ.

ಹಿಂದಿನ ಅನುಭವ ಎಂಬಲ್ಲಿ ಪೆನ್ನು ನಿಂತಿತು.

ಆರು ವರ್ಷ ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ಸಿನ
ಹಿಂಬಾಗಿಲಲ್ಲಿ ನೇತಾಡಿದವ ನಾನು.
ಎಡಗೈ ಬೆರಳಿನ ಸಂದಿಗೆ ಉದ್ದಕ್ಕೆ ಮಡಚಿದ ನೋಟು,
ಹಲ್ಲಿನ ಸಂದಿಗೆ ಸೀಟಿ.
ಏನೂ ಹಿಡಿಯದೆ ನಿಲ್ಲಬಲ್ಲೆ
ಪಾವಂಜೆಯ ತಿರುವಿನಲ್ಲೂ.
ಮುಖ ನೋಡಿ ಹೇಳಬಲ್ಲೆ ಯಾರು ಸುರತ್ಕಲ್ಲಿಗೆ,
ಯಾರು ಮೂಲ್ಕಿಗೆ, ಯಾರಿಗೆ ಇನ್ನು ಹತ್ತು ಎಣಿಸುವಷ್ಟರಲ್ಲಿ ವಾಂತಿ.
ಪಿರ ಪೋಲೆ, ಪಿರ ಪೋಲೆ ಎನ್ನುತ್ತ
ಐವತ್ತು ಸೀಟಿನೊಳಗೆ ತೊಂಬತ್ತು ಉಸಿರು ತುರುಕಿದವ.
ಇದೆಲ್ಲ ಆ ಒಂದೂವರೆ ಇಂಚಿನ ಗೆರೆಯ ಮೇಲೆ
ಹಿಡಿಸೀತೆ?

ಬರೆದೆ: ಕಂಡಕ್ಟರ್.

ಇನ್ನೂ ಒಂದಿದೆ, ಬರೆಯಲಿಲ್ಲ.
ಹಿಂದಿನ ಬಸ್ಸು ಹತ್ತಿರ ಹತ್ತಿರ ಬಂದಾಗ
ಡ್ರೈವರನಿಗೆ ಕೇಳುವಂತೆ ತಗಡು ಬಡಿದವ ನಾನು.
ರೈಟ್, ಪೋಯಿ, ಪೋಯಿ.
ಹೋದೆವು.
ಹೆಜಮಾಡಿಯಲ್ಲಿ ನಮ್ಮ ಬಸ್ಸಲ್ಲ, ನಮ್ಮ ಹಿಂದಿನದು,
ನಮ್ಮನ್ನು ಹಿಡಿಯಲು ಬಂದದ್ದು,
ಬೈಕಿನ ಹುಡುಗನೊಬ್ಬನನ್ನು ದಾರಿಗೆ ಚೆಲ್ಲಿತು.
ಇಳಿದು ಓಡಿದೆ. ತಲೆ ಎತ್ತಿ ಮಡಿಲಿಗಿಟ್ಟೆ.
ಯಾರೋ ಬಾಟಲಿ ಚಾಚಿದರು, ಕುಡಿಸಿದೆ.
ಅರ್ಧ ನುಂಗಿದ,
ಅರ್ಧ ನನ್ನ ಟಿಕೆಟ್ ಮೆಶಿನಿನ ಮೇಲೆ ಹರಿಯಿತು.
ರಿಕ್ಷಾಕ್ಕೆ ಹಾಕಿ ಕಳಿಸಿದರು.
ನಮಗೆ ಟೈಮಾಗಿತ್ತು.
ಮೆಶಿನು ಕೆಟ್ಟದ್ದಕ್ಕೆ ಮಾಲಕರು ಸಂಬಳದಲ್ಲಿ ಹಿಡಿದರು.

ಸಿಸ್ಟರ್ ಎವ್ಲಿನ್ ಕನ್ನಡಕ ಇಳಿಸಿ ಕೇಳಿದರು:
ಬಿದ್ದವನೊಬ್ಬ ಕಣ್ಣೆದುರು ಇದ್ದಾನೆ, ಮೊದಲು ಏನು ಮಾಡುತ್ತಿ?
ನೀರು ಕೊಡುತ್ತೇನೆ, ಎಂದೆ.
ನಮ್ಮಲ್ಲಿ ಯಾರೇ ಮೆಟ್ಟಿಲು ಹತ್ತಲಿ,
ಚೊಂಬಿನಲ್ಲಿ ನೀರು, ಬಟ್ಟಲಲ್ಲಿ ಬೆಲ್ಲದ ತುಂಡು;
ಯಾರು, ಎಲ್ಲಿಂದ ಎಂಬ ಮಾತೆಲ್ಲ ಆಮೇಲೆ.

ಅವರು ನಗಲಿಲ್ಲ, ಬೈಯಲೂ ಇಲ್ಲ.
ಎದ್ದು ಮೂಲೆಯ ರಬ್ಬರ್ ಗೊಂಬೆಯ ಗದ್ದ ಎತ್ತಿ ತೋರಿಸಿದರು:
ಇಲ್ಲಿ ಎರಡು ದಾರಿ ಒಟ್ಟೊಟ್ಟಿಗೆ ಇದೆ ಮಗಾ,
ಒಂದು ಗಾಳಿಯದ್ದು, ಒಂದು ಗಂಜಿಯದ್ದು.
ಪ್ರಜ್ಞೆ ತಪ್ಪಿದವನಲ್ಲಿ
ಬಾಗಿಲಿಗೆ ಕಂಡಕ್ಟರ್ ಇರುವುದಿಲ್ಲ.
ನೀರು ಎಲ್ಲಿಗೂ ಹತ್ತುತ್ತದೆ.
ಕುತ್ತಿಗೆ, ಅದನ್ನು ಎತ್ತಲೇ ಬಾರದು.

ನನ್ನ ಕೈ ಟೇಬಲ್ಲಿನ ಅಡಿಗೆ ಹೋಯಿತು.
ಹಾಗಾದರೆ ಅವನು, ಎಂದು ಕೇಳಲಿಲ್ಲ ನಾನು.
ಗೊಂಬೆಗೆ ಕಾಲುಗಳಿರಲಿಲ್ಲ, ಸೊಂಟದ ಕೆಳಗೆ ಬರೀ ಬೆಂಚು.
ಹಣೆಯಲ್ಲಿ ಒಣಗಿದ ಕುಂಕುಮ,
ಆಯುಧ ಪೂಜೆಯದ್ದಿರಬೇಕು.

ಫೀಸು ಮೂರು ಕಂತು. ಫೋಟೊ ಎರಡು ಬೇಕು;
ಪರ್ಸಿನಲ್ಲಿದ್ದದ್ದು ಖಾಕಿಯದ್ದು.
ನಡೆಯುತ್ತದೆ, ಮುಖ ಕಂಡರೆ ಸಾಕು, ಎಂದರು.
ಸೋಮವಾರ ಎಂಟೂವರೆಗೆ, ತಡ ಮಾಡಬೇಡ.
ಮತ್ತೆ ಬಾಗಿಲ ತನಕ ಬಂದು
ಓಡಿಕೊಂಡೂ ಬರಬೇಡ, ಎಂದರು.

ಹಿಂತಿರುಗುವಾಗ ಬಸ್ಸಿನಲ್ಲಿ ಕೂತೆ.
ಕೂತರೆ ದಾರಿ ಬೇರೆಯೇ ಕಾಣುತ್ತದೆ.
ಕಂಡಕ್ಟರ್ ಪರಿಚಯದವ, ಟಿಕೆಟ್ ಕೊಡಲಿಲ್ಲ;
ಓಡೆ ಪೋದಿತ್ತ ಮಾರಾಯ ಎಂದವ
ಉತ್ತರಕ್ಕೆ ಕಾಯಲೂ ಇಲ್ಲ,
ಹಿಂದೆ ಇನ್ನೊಂದು ಬಸ್ಸಿತ್ತು.
ತಗಡು ಬಡಿದ.

ಬಲಗೈ ಮಣಿಕಟ್ಟಿನ ಮೇಲೆ ಎಡಗೈಯ ಎರಡು ಬೆರಳಿಟ್ಟೆ,
ನೋಟು ಹಿಡಿಯುತ್ತಿದ್ದ ಅದೇ ಎರಡು.
ವಾಚಿನ ಸೆಕೆಂಡ್ ಮುಳ್ಳು ನೋಡುತ್ತ ಎಣಿಸಿದೆ.
ಇಪ್ಪತ್ತೆರಡು, ಇಪ್ಪತ್ಮೂರು.
ಕೊಟ್ಟಾರದ ಹಂಪಿನಲ್ಲಿ ಬಸ್ಸು ಎತ್ತಿ ಹಾಕಿತು,
ಲೆಕ್ಕ ತಪ್ಪಿತು.
ಪುನಃ ಒಂದರಿಂದ.